ಗಾಜಿನ ಕಪಾಟಿನಲ್ಲಿದ್ದ ಸೊಂಟಪಟ್ಟಿ

ನಮ್ಮ ಆಫೀಸಿನಲ್ಲಿ ಸಂತೋಷಕ್ಕೆಂದೇ ಒಬ್ಬ ಅಧಿಕಾರಿ ಇದ್ದಾಳೆ. ಹ್ಯಾಪಿನೆಸ್ ಆಫೀಸರ್ ಎಂದು ಅವಳ ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಬರೆದಿದೆ. ಸಂಬಳ ತಡವಾದ ತಿಂಗಳು ಅವಳು ಎಲ್ಲರ ಮೇಜಿಗೂ ಒಂದೊಂದು ಹಳದಿ ಬಲೂನು ಕಟ್ಟಿಸುತ್ತಾಳೆ. ಹಾಗಾಗಿ ಬಲೂನು ಕಂಡರೆ ನಮಗೆಲ್ಲ ಎದೆ ಧಸಕ್ಕೆನ್ನುತ್ತದೆ.

ನನ್ನ ಕೆಲಸ ಅಷ್ಟು ದೊಡ್ಡದಲ್ಲ. ದುಬೈ ಸಿಲಿಕಾನ್ ಓಯಸಿಸ್‌ನ ಆ ಕಟ್ಟಡದ ಹನ್ನೊಂದನೆಯ ಮಹಡಿಗೆ ಬಂದು ಬೀಳುವ ಪ್ರತಿಯೊಂದು ವಸ್ತುವಿಗೂ ಬಾರ್‌ಕೋಡಿನ ಸ್ಟಿಕ್ಕರ್ ಅಂಟಿಸಿ ಕಂಪ್ಯೂಟರಿನ ಪಟ್ಟಿಗೆ ಸೇರಿಸುವುದು, ಅಷ್ಟೆ. ಕುರ್ಚಿ, ಕೆಟಲ್, ಕಸದ ಬುಟ್ಟಿ, ಪ್ಲಾಸ್ಟಿಕ್ಕಿನ ಬಿದಿರು. ಸ್ಟಿಕ್ಕರಿನಲ್ಲಿ ಒಂದು ನಂಬರು, ಅದರ ಕೆಳಗೆ ‘ಇದು ಕಂಪನಿಯ ಸ್ವತ್ತು, ಕೀಳಬಾರದು’ ಎಂಬ ಎಚ್ಚರಿಕೆ. ಹನ್ನೆರಡು ವರ್ಷಗಳಲ್ಲಿ ಕೈ ಎಷ್ಟು ಪಳಗಿದೆಯೆಂದರೆ, ಅಲ್ ನಹ್ದಾದ ನಮ್ಮ ಫ್ಲಾಟಿಗೆ ಹೊಸ ಮಿಕ್ಸಿ ತಂದರೂ ಮೊದಲು ಅದರ ಅಡಿ ತಿರುಗಿಸಿ ಸ್ಟಿಕ್ಕರಿಗೆ ಜಾಗ ಹುಡುಕುತ್ತೇನೆ.

“ನನಗೂ ಒಂದು ಅಂಟಿಸಿಬಿಡು, ಕಳೆದುಹೋದ್ರೆ ಯಾರಾದ್ರೂ ತಂದು ಕೊಟ್ಟಾರು” ಎಂದು ಗಂಡ ತಮಾಷೆ ಮಾಡುತ್ತಾರೆ. ಅವರನ್ನು ಯಾರೂ ಕದಿಯಲಾರರು ಎಂಬ ಧೈರ್ಯದಿಂದ ನಾನು ಅಂಟಿಸಿಲ್ಲ.

ನಮ್ಮ ಮಹಡಿಯ ಪ್ಯಾಂಟ್ರಿಯಲ್ಲಿ ಚಹಾ ಮಾಡುವವಳು ದಕ್ಷಿಣ ಸುಡಾನಿನವಳು. ಜೂಬಾ ಪಟ್ಟಣದಿಂದ ಅರ್ಧ ದಿನದ ದಾರಿಯಲ್ಲಿ, ನೈಲ್ ನದಿಯ ದಡದಲ್ಲಿ ಅವಳ ಹಳ್ಳಿ. ಬಾರಿ ಎಂಬ ಜನ. ನಾನು ಮಂಗಳೂರು ಕಡೆಯ ಬ್ಯಾರಿ. ಉಡುಪಿ ಕಡೆಯವರಾದ ನಮ್ಮ ಫೆಸಿಲಿಟಿ ಮ್ಯಾನೇಜರು “ಓ, ನಿಮ್ಮ ಸಂಬಂಧಿಕರಾ?” ಎಂದು ಮೊದಲ ದಿನವೇ ಹಲ್ಲು ಕಿರಿದರು. ಆ ಒಂದೇ ಜೋಕಿನಲ್ಲಿ ಮೂರು ವರ್ಷ ಕಳೆದರು.

ಅವಳದು ಜೂಬಾದ ಅರಬಿ, ನನ್ನದು ದೇರಾದ ಮೀನು ಮಾರುಕಟ್ಟೆಯಲ್ಲಿ ಕಲಿತ ಅರಬಿ. ನಿಜವಾದ ಅರಬರು ಕೇಳಿದರೆ ಇಬ್ಬರನ್ನೂ ಅಟ್ಟಿಬಿಟ್ಟಾರು. ನಮ್ಮಿಬ್ಬರ ನಡುವೆ ಮಾತ್ರ ಅದರಲ್ಲಿ ಏನೂ ಕೊರತೆ ಬೀಳಲಿಲ್ಲ. ಅವಳು ನನಗೆ ‘ಉಖ್ತಿ’ ಎನ್ನುತ್ತಿದ್ದಳು, ನಾನು ಅವಳಿಗೆ ‘ಉಖ್ತಿ’ ಎನ್ನುತ್ತಿದ್ದೆ. ಅಕ್ಕನಿಗೂ ತಂಗಿಗೂ ಒಂದೇ ಮಾತಾದ್ದರಿಂದ ನಮ್ಮಲ್ಲಿ ವಯಸ್ಸಾದವಳು ಯಾರು ಎಂಬ ಅಪ್ರಿಯ ವಿಚಾರ ಬರಲೇ ಇಲ್ಲ. ನನಗೆ ಏಲಕ್ಕಿ ಹಾಕಿದ ಚಹಾ, ಉಳಿದವರಿಗೆ ದಾರಕ್ಕೆ ಕಟ್ಟಿದ ಪೊಟ್ಟಣ ಅದ್ದಿದ ಬಿಸಿನೀರು. ಈ ಪಕ್ಷಪಾತವೇ ನಮ್ಮ ಸ್ನೇಹದ ಬುಡ.

ಕಳೆದ ವರ್ಷ ಹ್ಯಾಪಿನೆಸ್ ಆಫೀಸರಿಗೆ ‘ಕಲ್ಚರ್ ವೀಕ್’ ಮಾಡಬೇಕೆಂದು ಹೊಳೆಯಿತು. ಎಲ್ಲರೂ ತಮ್ಮ ತಮ್ಮ ಸಂಸ್ಕೃತಿಯ ಒಂದು ವಸ್ತು ತರಬೇಕು, ರಿಸೆಪ್ಷನ್ನಿನ ಗಾಜಿನ ಕಪಾಟಿನಲ್ಲಿ ಒಂದು ವಾರ ಇಡಬೇಕು. ಸಂಸ್ಕೃತಿಗೆ ಕೊಟ್ಟ ಅಳತೆ ಮೂವತ್ತು ಸೆಂಟಿಮೀಟರು, ಅದಕ್ಕಿಂತ ಉದ್ದ ಇರಬಾರದು.

“ನಿಮ್ಮ ಮನೆಯಲ್ಲಿ ಹಳೆಯ ಒಡವೆ ಏನಾದರೂ ಇರಬೇಕಲ್ಲ? ನಿಮ್ಮ ಸಮುದಾಯದಲ್ಲಿ ಬೆಳ್ಳಿ ಬಹಳ ಅಂತೆ” ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಏನೂ ಇಲ್ಲ ಎಂದೆ. ಯಾಕೆ ಇಲ್ಲ ಎಂಬುದನ್ನು ಅವಳಿಗೆ ಹೇಳುವ ಅಗತ್ಯ ಕಾಣಲಿಲ್ಲ. ಮರುದಿನ ದೇರಾದ ಒಂದು ಸಗಟು ಅಂಗಡಿಯಿಂದ ಗಂಧದ ಬಣ್ಣದ ಆನೆಯೊಂದನ್ನು ತಂದು ಕೊಟ್ಟೆ. ಹೊಟ್ಟೆಯ ಅಡಿಯಲ್ಲಿ ಚೀನಾದಲ್ಲಿ ತಯಾರಾದದ್ದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅದನ್ನು ನನ್ನ ಸ್ಟಿಕ್ಕರಿನಿಂದಲೇ ಮುಚ್ಚಿದೆ. ಕಪಾಟಿನಲ್ಲಿ ಅದಕ್ಕೆ ‘ಕರ್ನಾಟಕದ ಕುಶಲಕರ್ಮಿಗಳ ಕೈಕೆಲಸ’ ಎಂಬ ಲೇಬಲ್ಲು ಬಿತ್ತು. ಕುಶಲಕರ್ಮ ಇತ್ತು, ಸುಳ್ಳಲ್ಲ, ಆದರೆ ಅದು ನನ್ನದು.

ಆಫ್ರಿಕ ಎಂದು ಬರೆದ ತಟ್ಟೆ ಮಾತ್ರ ಖಾಲಿಯಿತ್ತು. ಹ್ಯಾಪಿನೆಸ್ ಆಫೀಸರ್ ಪ್ಯಾಂಟ್ರಿಗೆ ಹೋಗಿ, “ಇಡೀ ಆಫ್ರಿಕಕ್ಕೆ ನಮ್ಮಲ್ಲಿ ನೀನೊಬ್ಬಳೇ” ಎಂದು ಉಖ್ತಿಯ ಕೈ ಹಿಡಿದುಕೊಂಡಳು. ಒಂದು ಖಂಡದ ಭಾರ ಹೊತ್ತ ನನ್ನ ಸ್ನೇಹಿತೆ ಮರುದಿನ ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತಂದಳು.

ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಎಣ್ಣೆ, ಹೊಗೆ, ಕೆಂಪು ಮಣ್ಣು. ಎರಡು ಬೆರಳಗಲದ ತೊಗಲಿನ ಪಟ್ಟಿ. ಅದರ ಮುಂಭಾಗದಲ್ಲಿ ಅಂಗೈಯಗಲ ಇಳಿಬಿದ್ದ ಕಬ್ಬಿಣದ ಜಾಲರಿ. ಜೋಳದ ಕಾಳಿನಷ್ಟೇ ಸಣ್ಣ ಉಂಗುರಗಳನ್ನು ಒಂದರೊಳಗೊಂದು ಸೇರಿಸಿ ಬಟ್ಟೆಯ ಹಾಗೆ ನೇಯ್ದದ್ದು. ಹಿಂಭಾಗದಲ್ಲಿ ಬಾಲದಂತೆ ಇಳಿದ ಸಪೂರ ತೊಗಲೆಳೆಗಳ ಗೊಂಚಲು. ಅವಳ ಅಜ್ಜಿಗಾಗಿ ಊರಿನ ಕಮ್ಮಾರ ಮಾಡಿಕೊಟ್ಟದ್ದಂತೆ. ಅಜ್ಜಿಯ ಕಾಲದಲ್ಲಿ ಅದೇ ಉಡುಪು, ಅದೇ ಒಡವೆ. ತಾಯಿಯ ಕಾಲಕ್ಕೆ ಮೈಮೇಲೆ ಬಟ್ಟೆ ಬಂತು, ಇದು ಮದುವೆಯ ಕುಣಿತದ ದಿನ ಬಟ್ಟೆಯ ಮೇಲೆ ಕಟ್ಟಿಕೊಳ್ಳುವಂಥದ್ದಾಯಿತು.

“ಮುಂಭಾಗದ ಈ ಜಾಲರಿ ಎಲ್ಲಿಗೆ?” ಎಂದು ಕೇಳಿದೆ. ಅವಳು ಎಲ್ಲಿಗೆಂದು ತೋರಿಸಿದಳು. ನನಗೆ ನಗು ಬಂತು. ಬಾಯಿಗೆ ಶಾಲು ಅಡ್ಡ ಹಿಡಿದುಕೊಂಡೆ. ಅವಳು ನಗಲಿಲ್ಲ, ನನ್ನ ನಗು ಮುಗಿಯುವವರೆಗೆ ಕಾದಳು. ಆಮೇಲೆ ನೆನಪಾಯಿತು. ನಮ್ಮೂರಲ್ಲಿ ಅಂಬೆಗಾಲಿಡುವ ಹೆಣ್ಣುಮಗುವಿನ ಉಡಿದಾರಕ್ಕೆ ಬೆಳ್ಳಿಯ ಎಲೆಯೊಂದನ್ನು ಕಟ್ಟುತ್ತಾರೆ, ಎಲ್ಲಿ ನೇತಾಡಬೇಕೋ ಅಲ್ಲಿಗೆ. ನನಗೂ ಕಟ್ಟಿದ್ದರು. ಬೆಳ್ಳಿಯಾದರೆ ಸಂಪ್ರದಾಯ, ಕಬ್ಬಿಣವಾದರೆ ನಗು. ನನ್ನ ಬುದ್ಧಿಯೂ ಆಫೀಸಿನ ಲೇಬಲ್ಲಿಗಿಂತ ಮೇಲೇನಲ್ಲ.

ದುಬೈಗೆ ಹೊರಡುವಾಗ ತಾಯಿ ಇದನ್ನು ಅವಳ ಚೀಲಕ್ಕೆ ಹಾಕಿದರಂತೆ. “ಇದು ನಿನಗೆ ಕೊಡುತ್ತಿರುವುದಲ್ಲ. ತಿರುಗಿ ತರಲಿಕ್ಕೆ ಕೊಡುತ್ತಿರುವುದು” ಎಂದಿದ್ದರಂತೆ. ಅವರ ಊರಿನಿಂದ ದುಡಿಯಲು ಹೋದವರ ಮನೆಯ ಹಳೆಯ ವಸ್ತುಗಳೆಲ್ಲ ಪಟ್ಟಣದ ಅಂಗಡಿಗಳಲ್ಲಿ ವಿದೇಶೀಯರ ಕೈಗೆ ಸೇರಿದ್ದವು. ಪಟ್ಟಿ ಬಂದರೆ ಮಗಳು ಬಂದ ಹಾಗೆ. ಪಟ್ಟಿ ಬಾರದಿದ್ದರೆ ಅದನ್ನು ಮಾರಿಕೊಂಡಳು, ಕೈತಪ್ಪಿಹೋದಳು ಎಂದು ಲೆಕ್ಕ.

“ಒಂದು ವಾರ ಅಷ್ಟೇ ಅಲ್ಲವಾ?” ಎಂದು ಕೇಳಿದಳು.

“ಒಂದೇ ವಾರ” ಎಂದೆ ನಾನು. ಹೇಳುತ್ತಲೇ ಪಟ್ಟಿಯ ಒಳಮೈಗೆ ಸ್ಟಿಕ್ಕರ್ ಅಂಟಿಸಿದೆ. ಕಪಾಟಿನೊಳಗೆ ಹೋಗುವುದಕ್ಕೆಲ್ಲ ನಂಬರು ಬೇಕು, ಇಲ್ಲದಿದ್ದರೆ ವಿಮೆ ಇಲ್ಲ. ಕಂಪ್ಯೂಟರಿನಲ್ಲಿ ‘ಎರವಲು’ ಎಂಬ ಕಾಲಮ್ಮು ಇಲ್ಲ. ಪೀಠೋಪಕರಣ, ಯಂತ್ರ, ಅಡುಗೆ, ಅಲಂಕಾರ, ಇಷ್ಟೇ. ‘ಅಲಂಕಾರ’ ಒತ್ತಿದೆ. ಹೆಸರಿನ ಜಾಗದಲ್ಲಿ ಹ್ಯಾಪಿನೆಸ್ ಆಫೀಸರ್ ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನೇ ಹಾಕಿದೆ. ‘ಆಫ್ರಿಕದ ಬುಡಕಟ್ಟಿನ ನೆಕ್ಲೇಸ್.’ ಅದು ನೆಕ್ಲೇಸ್ ಅಲ್ಲವೆಂದು ಐದು ನಿಮಿಷದ ಹಿಂದೆ ಪ್ರಾತ್ಯಕ್ಷಿಕೆಯೊಂದಿಗೆ ತಿಳಿದಿದ್ದರೂ ಹಾಕಿದೆ. ಹನ್ನೆರಡು ವರ್ಷದ ನೌಕರಿ ಕಲಿಸುವುದು ಇದನ್ನೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು.

ಮರುದಿನ ಬೆಳಿಗ್ಗೆ ಕಪಾಟಿನಲ್ಲಿ ಕಪ್ಪು ಮಖಮಲ್ಲಿನ ಕುತ್ತಿಗೆಯ ಬೊಂಬೆಯೊಂದು ಕೂತಿತ್ತು. ಆ ಕುತ್ತಿಗೆಗೆ ಪಟ್ಟಿ ಕಟ್ಟಿ, ಕಬ್ಬಿಣದ ಜಾಲರಿಯನ್ನು ಎದೆಯ ಮೇಲೆ ಹರಡಿ, ತೊಗಲಿನ ಬಾಲವನ್ನು ಜಡೆಯ ಹಾಗೆ ಬೆನ್ನಿಗೆ ಬಿಟ್ಟಿದ್ದರು. ಉಖ್ತಿ ಚಹಾದ ಟ್ರೇ ಹಿಡಿದುಕೊಂಡು ಅದರ ಮುಂದೆ ನಿಂತಳು. ಈ ಸಲ ನಕ್ಕವಳು ಅವಳು. ಟ್ರೇ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕಳು.

ಗುರುವಾರ ಅಬುಧಾಬಿಯ ಹೆಡ್ ಆಫೀಸಿನಿಂದ ದೊಡ್ಡವರು ಬಂದರು. ಅವರ ಸ್ವಾಗತಕ್ಕೆಂದು ಹ್ಯಾಪಿನೆಸ್ ಆಫೀಸರ್ ಆ ‘ನೆಕ್ಲೇಸನ್ನು’ ಸ್ವತಃ ತನ್ನ ಕುತ್ತಿಗೆಗೆ ಹಾಕಿಕೊಂಡು ಫೋಟೋಕ್ಕೆ ನಿಂತಳು. ಅದು ಏನನ್ನು ಮರೆಮಾಡಲು ಮಾಡಿದ್ದೆಂದು ಅಲ್ಲಿ ಗೊತ್ತಿದ್ದವರು ನಾವಿಬ್ಬರೇ. ದೊಡ್ಡವರು ಬಗ್ಗಿ, ಜಾಲರಿಯನ್ನು ಬೆರಳಲ್ಲಿ ಎತ್ತಿ ನೋಡಿ, “ಅದ್ಭುತ” ಎಂದರು. ಉಖ್ತಿಯೂ ನಾನೂ ಗೋಡೆಯ ಗಡಿಯಾರ ನೋಡುತ್ತಾ ನಿಂತೆವು. ಫೋಟೋ ಕಂಪನಿಯ ಪತ್ರಿಕೆಯ ಮುಖಪುಟಕ್ಕೆ ಹೋಯಿತು.

ತಮಾಷೆ ಅಲ್ಲಿಗೆ ಮುಗಿಯಿತು. ದೊಡ್ಡವರು ಹೊರಡುವಾಗ “ಇದನ್ನು ಇಲ್ಲೇ ಇಡಿ, ಯಾವಾಗಲೂ” ಎಂದು ಒಂದು ಮಾತು ಹೇಳಿದರು. ವಾರ ಮುಗಿದು ಫಿಲಿಪಿನೋ ಬುಟ್ಟಿ, ಈಜಿಪ್ಟಿನ ತಟ್ಟೆ, ನನ್ನ ಆನೆ ಎಲ್ಲವೂ ಒಡೆಯರಿಗೆ ವಾಪಸಾದವು. ಆನೆ ನನಗೆ ಬೇಡವಾಗಿತ್ತು, ಆದರೂ ಕೊಟ್ಟರು. ಪಟ್ಟಿ ಮಾತ್ರ ಉಳಿಯಿತು. ಅದರ ಒಡತಿಯನ್ನು ಯಾರೂ ಕೇಳಲಿಲ್ಲ. ಬದಲಿಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಪ್ರಶಸ್ತಿಪತ್ರ ಕೊಟ್ಟರು. ಅದರಲ್ಲಿ ಅವಳ ಹೆಸರಿನ ಕಾಗುಣಿತ ತಪ್ಪಿತ್ತು.

ಅವಳೂ ಬಾಯಿ ಬಿಡಲಿಲ್ಲ. ಅವಳ ವೀಸಾ ನಮ್ಮ ಕಂಪನಿಯದಲ್ಲ, ಕೆಲಸದವರನ್ನು ಕಳಿಸುವ ಗುತ್ತಿಗೆಯವರದು. ಇಲ್ಲಿಂದ ಒಂದು ದೂರು ಹೋದರೆ ಸಾಕು, ನಾಳೆ ಅವಳನ್ನು ಯಾವುದೋ ಮರುಭೂಮಿಯ ಗೋದಾಮಿನ ನೆಲ ಒರೆಸಲು ಹಾಕುತ್ತಾರೆ. ತಿಂಗಳು ಕಳೆಯಿತು, ಆರು ತಿಂಗಳು ಕಳೆಯಿತು. ದಿನಕ್ಕೆ ಎರಡು ಸಲ ಆ ಗಾಜು ಒರೆಸುವುದೂ ಅವಳದೇ ಕೆಲಸವಾಗಿತ್ತು.

ಆಮೇಲೆ ಒಂದು ಸೋಮವಾರ ಚಹಾ ತಂದಿಟ್ಟು ನನ್ನ ಮೇಜಿನ ಪಕ್ಕದಿಂದ ಕದಲಲಿಲ್ಲ.

“ಉಖ್ತಿ, ರಜೆ ಸಿಕ್ಕಿತು. ಶುಕ್ರವಾರ ವಿಮಾನ. ನಾಲ್ಕು ವರ್ಷದ ಮೇಲೆ ಮನೆಗೆ.”

“ಮಬ್ರೂಕ್!” ಎಂದು ಅಭಿನಂದಿಸಿದೆ.

“ನನ್ನ ಅಮ್ಮನಿಗೆ ಕಣ್ಣು ಹೋಗಿದೆ, ಅರ್ಧಕ್ಕಿಂತ ಹೆಚ್ಚು. ನನ್ನ ಮುಖ ಕಾಣುವುದಿಲ್ಲ. ಪಟ್ಟಿ ಮುಟ್ಟಿ ನೋಡುತ್ತಾಳೆ.” ಅಷ್ಟು ಹೇಳಿ ಕಪಾಟಿನ ಕಡೆ ಕತ್ತು ತಿರುಗಿಸಿದಳು. “ಅದಿಲ್ಲದೆ ನಾನು ಏನು ಹೇಳಲಿ? ಮಾಫಿ ಎನ್ನಲಾ?”

ಅರಬಿಯಲ್ಲಿ ಮಾಫಿ ಎಂದರೆ ಇಲ್ಲ ಎಂದು. ಇಲ್ಲಿಗೆ ಬಂದವರು ಮೊದಲು ಕಲಿಯುವ ಮಾತು ಅದು. ತಾಯಂದಿರಿಗೆ ಹೇಳಲಿಕ್ಕಾಗದ ಮಾತೂ ಅದೇ.

ನಾನು ಫೆಸಿಲಿಟಿ ಮ್ಯಾನೇಜರ ಬಳಿಗೆ ಹೋದೆ. ನಮ್ಮೂರ ಕಡೆಯವರು, ಕನ್ನಡದಲ್ಲೇ ಮುಗಿಸಿಬಿಡೋಣ ಎಂದು ಧೈರ್ಯ.

“ಸರ್, ಆ ಸೊಂಟಪಟ್ಟಿ ಅವಳದ್ದು. ಶುಕ್ರವಾರ ಊರಿಗೆ ಹೋಗ್ತಾಳೆ. ಒಂದು ಗೇಟ್ ಪಾಸ್ ಬರೆದು ಕೊಡಿ.”

“ಅವಳದ್ದು ಅಂತ ದಾಖಲೆ ಎಂತ ಉಂಟು?”

“ಅವಳ ಅಮ್ಮ ಕೊಟ್ಟದ್ದು ಸರ್.”

“ಬಿಲ್ ಉಂಟಾ?”

“ಅಮ್ಮಂದಿರು ಎಲ್ಲಿಯಾದ್ರೂ ಬಿಲ್ ಕೊಡ್ತಾರಾ?”

“ಅದೇ ಪ್ರಾಬ್ಲಮ್ ಮಾರಾಯ್ರೆ. ಸಿಸ್ಟಮಲ್ಲಿ ಕಂಪನಿಯದ್ದು ಅಂತ ಉಂಟು. ಎಂಟ್ರಿ ಮಾಡಿದ್ದು ಯಾರು?”

“ನಾನೇ.”

“ಹಾಗಾದ್ರೆ ನೀವು ನಿಮ್ಮನ್ನೇ ಕೇಳ್ಬೇಕು.” ಅವರಿಗೆ ನನ್ನ ಮುಖ ನೋಡಿ ಪಾಪ ಎನಿಸಿರಬೇಕು, ಸ್ವರ ತಗ್ಗಿಸಿದರು. “ಒಂದು ದಾರಿ ಉಂಟು. ಹಾಳಾಗಿದೆ ಅಂತ ಬರೆದು ಡಿಸ್ಪೋಸಲಿಗೆ ಹಾಕುವ. ಮೂರು ಜನರ ಸೈನ್ ಬೇಕು, ಮತ್ತೆ ಐಟಂ ತುಂಡು ಮಾಡಿದ ಫೋಟೋ.”

“ತುಂಡು ಮಾಡಿ ಅವಳ ಕೈಗೆ ಕೊಡುದಾ?”

“ಛೇ, ಕೊಡ್ಲಿಕ್ಕಾಗುದಿಲ್ಲ. ಗುಜರಿಯವನಿಗೆ ಹೋಗ್ತದೆ.”

ಕಬ್ಬಿಣದ ಉಂಗುರಗಳನ್ನು ಒಂದೊಂದಾಗಿ ಬಡಿದು ಜೋಡಿಸಿದ ಆ ಕಮ್ಮಾರ ಪುಣ್ಯವಂತ, ಇಂಥ ದಾರಿ ಕೇಳುವ ಮೊದಲೇ ಸತ್ತಿದ್ದಾನೆ. ಹ್ಯಾಪಿನೆಸ್ ಆಫೀಸರ ಬಳಿಗೂ ಹೋದೆ. ಅವಳು ಕಣ್ಣರಳಿಸಿ, “ಆದರೆ ಅವಳಿಗೆ ಇದು ಎಂಥ ಗೌರವ! ದಿನಾ ನೂರು ಜನ ಅವಳ ಸಂಸ್ಕೃತಿಯನ್ನು ನೋಡುತ್ತಾರೆ” ಎಂದಳು. ಬೇಕಾದರೆ ಊರಿಗೆ ಕೊಂಡುಹೋಗಲು ಅದರ ಒಂದು ಫೋಟೋ ಚೌಕಟ್ಟು ಹಾಕಿಸಿ ಕೊಡುತ್ತಾಳಂತೆ. ಕಣ್ಣು ಕಾಣದ ತಾಯಿಗೆ ಫೋಟೋ. ಕೇಳಿ ನನ್ನ ಮೈ ಉರಿದುಹೋಯಿತು. ಹೊರಗೆ ಬಂದು ಎರಡು ಲೋಟ ತಣ್ಣೀರು ಕುಡಿದೆ.

ಆಮೇಲೆ ಯೋಚಿಸಿದೆ. ಕಪಾಟಿನ ಬೀಗದ ಕೈ ಇರುವುದು ನನ್ನ ಡ್ರಾಯರಿನಲ್ಲಿ. ಬಾಗಿಲ ಬಳಿ ಸೆಕ್ಯುರಿಟಿಯವರು ನೋಡುವುದು ಚೀಲವನ್ನು, ಪೆಟ್ಟಿಗೆಯನ್ನು. ಹೆಂಗಸರ ಕರಿ ನಿಲುವಂಗಿ ಅಬಾಯದೊಳಗೆ ಏನಿದೆ ಎಂದು ಕೇಳುವ ಧೈರ್ಯ ಈ ದೇಶದಲ್ಲಿ ಯಾವ ಸೆಕ್ಯುರಿಟಿಗೂ ಇಲ್ಲ. ವಸ್ತುವೇನೋ ಸೊಂಟಕ್ಕೆ ಕಟ್ಟುವಂಥದ್ದೇ. ದೇವರು ಇದಕ್ಕಿಂತ ಬಿಡಿಸಿ ಹೇಳಬೇಕೆ?

ಗುರುವಾರ ಮಧ್ಯಾಹ್ನ ಮೂರೂವರೆಗೆ ಎಲ್ಲರೂ ಮೀಟಿಂಗಿಗೆ ಹೋದರು. ವಿಷಯ: ನೌಕರರಲ್ಲಿ ನಂಬಿಕೆ ಬೆಳೆಸುವುದು ಹೇಗೆ. ನಾನು ಕಪಾಟು ತೆರೆದು ಪಟ್ಟಿ ತೆಗೆದುಕೊಂಡೆ. ಬೊಂಬೆಯ ಬೋಳು ಕುತ್ತಿಗೆ ಕಣ್ಣಿಗೆ ಹೊಡೆಯುತ್ತಿತ್ತು. ಅದನ್ನು ಕೆಳಗಿನ ಖಾನೆಗೆ ತಳ್ಳಿ, ನನ್ನ ಮೇಜಿನ ಮೇಲೆ ದೂಳು ತಿನ್ನುತ್ತಿದ್ದ ಚೀನಾದ ಆನೆಯನ್ನು ಆ ಜಾಗದಲ್ಲಿ ನಿಲ್ಲಿಸಿದೆ. ಲೇಬಲ್ಲು ಹಾಗೇ ಇತ್ತು.

ಲೇಡೀಸ್ ವಾಶ್‌ರೂಮಿನಲ್ಲಿ ಕಟ್ಟಿಕೊಳ್ಳಲು ಹೋದಾಗ ಹೊಸ ಸಂಕಟ. ಆ ಅಜ್ಜಿಯ ಸೊಂಟಕ್ಕೂ ನನ್ನ ಸೊಂಟಕ್ಕೂ ನಡುವೆ ಇಪ್ಪತ್ತೆರಡು ವರ್ಷದ ಬಿರಿಯಾನಿಯ ಅಂತರವಿತ್ತು. ತುದಿಗಳು ಒಂದನ್ನೊಂದು ಕಾಣಲೇ ಇಲ್ಲ. ಚೂಡಿದಾರದ ಶಾಲನ್ನು ಎರಡೂ ತುದಿಗೆ ಗಂಟು ಹಾಕಿ ನಡುವೆ ಸೇತುವೆ ಮಾಡಿದೆ. ಮೇಲೆ ಅಬಾಯ ಎಳೆದುಕೊಂಡೆ. ಕಬ್ಬಿಣ ಚೂಡಿದಾರದ ಬಟ್ಟೆಯ ಮೂಲಕವೂ ತಣ್ಣಗೆ ತಾಗುತ್ತಿತ್ತು. ಒಂದು ಸೇರು ಅಕ್ಕಿಯಷ್ಟಾದರೂ ಭಾರ. ಹೆಜ್ಜೆ ಇಟ್ಟರೆ ಝಲ್ ಎಂದಿತು.

ಈ ಝಲ್ ಅನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೆಜ್ಜೆ ಸಣ್ಣದು ಮಾಡಿದೆ, ಮೊಣಕಾಲು ಜೋಡಿಸಿದೆ, ಕೊನೆಗೆ ಪಾದ ಎಳೆಯುತ್ತಾ ನಡೆದೆ. ಸೆಕ್ಯುರಿಟಿಯವನು ನನ್ನ ಚೀಲ ತೆರೆದು ಊಟದ ಡಬ್ಬಿ, ಛತ್ರಿ, ಮಾತ್ರೆ ಎಲ್ಲ ನೋಡಿ, “ಕಾಲು ನೋವಾ ಮೇಡಂ?” ಎಂದು ಕನಿಕರದಿಂದ ಹಿಂದಿಯಲ್ಲಿ ಕೇಳಿದ. ಸೊಂಟ ಎಂದೆ. ಆ ದಿನ ಅಲ್ಲಿಯವರೆಗೆ ನಾನು ಆಡಿದ ಮಾತುಗಳಲ್ಲಿ ಅಪ್ಪಟ ನಿಜ ಅದೊಂದೇ.

ಲಿಫ್ಟಿನ ಬಾಗಿಲು ಇನ್ನೇನು ಮುಚ್ಚಬೇಕು, ಒಂದು ಕೈ ಅಡ್ಡ ಬಂತು. ಹ್ಯಾಪಿನೆಸ್ ಆಫೀಸರ್. ಮೀಟಿಂಗಿನ ನಡುವೆ ಕಾಫಿಗೆ ಹೊರಟಿದ್ದಳು. ಹನ್ನೊಂದು ಮಹಡಿ ಇಳಿಯಬೇಕು. ಎಂಟನೆಯದರಲ್ಲಿ ಲಿಫ್ಟು ಜಗ್ಗಿ ನಿಂತಿತು, ನನ್ನೊಳಗಿಂದ ಝಲ್ ಎಂದಿತು.

“ಎಷ್ಟು ಚೆಂದದ ಸದ್ದು! ಗೆಜ್ಜೆಯಾ?” ಎಂದಳು.

“ಮನೆಯ ಹಳೆಯ ಒಡವೆ” ಎಂದೆ.

“ಅಯ್ಯೋ, ಏನೂ ಇಲ್ಲ ಅಂದಿದ್ದಿರಿ! ಮುಂದಿನ ಕಲ್ಚರ್ ವೀಕಿಗೆ ಖಂಡಿತ ತರಬೇಕು.”

“ನೋಡೋಣ” ಎಂದೆ. ನೆಲಮಹಡಿಯಲ್ಲಿ ಅವಳು ನನ್ನ ಭುಜ ತಟ್ಟಿ ಹೋದಳು.

ನೆಲಮಹಡಿಯ ಹಿಂಭಾಗದಲ್ಲಿ ಹೆಂಗಸರ ನಮಾಜಿನ ಕೋಣೆ ಇದೆ. ಉಖ್ತಿ ಚರ್ಚಿಗೆ ಹೋಗುವವಳು, ಆದರೂ ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಬಟ್ಟೆ ಹಾಕಿಕೊಂಡು ಒಂದು ಮೂಲೆಯಲ್ಲಿ ಕೂತಿದ್ದಳು. ಬೇರೆ ಯಾರೂ ಇರಲಿಲ್ಲ. ನಾನು ಅಬಾಯ ಬಿಚ್ಚಿದ್ದೇ ತಡ, ಅವಳು ಬಾಯಿ ಮುಚ್ಚಿಕೊಂಡು ಬಿದ್ದು ಬಿದ್ದು ನಕ್ಕಳು. ನಾನು ಜಾಲರಿಯನ್ನು ಹಿಂದಕ್ಕೂ ಬಾಲವನ್ನು ಮುಂದಕ್ಕೂ ಕಟ್ಟಿಕೊಂಡಿದ್ದೆ.

“ನಮ್ಮೂರಲ್ಲಾದರೆ ಆಡುಗಳೂ ನಗುತ್ತಿದ್ದವು” ಎಂದಳು.

ಲೇಬಲ್ಲು ತಪ್ಪು ಬರೆದವರನ್ನು ಆರು ತಿಂಗಳಿನಿಂದ ಬೈದುಕೊಂಡವಳು ನಾನು. ಅವಳು ಗಂಟು ಬಿಚ್ಚಿ ಪಟ್ಟಿಯನ್ನು ತನ್ನ ಚೀಲಕ್ಕೆ ತುಂಬುತ್ತಾಳೆ ಎಂದುಕೊಂಡೆ. ಹಾಗೆ ಮಾಡಲಿಲ್ಲ. ಅದನ್ನು ತಿರುಗಿಸಿ, ಸರಿಯಾಗಿ, ಜಾಲರಿ ಮುಂದೆ ಬರುವಂತೆ ನನ್ನ ಚೂಡಿದಾರದ ಮೇಲೆ ಕಟ್ಟಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ ತಲೆದೂಗಿದಳು. ಸರಿಯಾದ ಕಡೆ ಕೂತ ಮೇಲೆ ಆ ಭಾರ ಭಾರವೆನಿಸಲಿಲ್ಲ. ಹೊಕ್ಕುಳ ಕೆಳಗೆ ಯಾರೋ ಅಂಗೈ ಒತ್ತಿ ಹಿಡಿದ ಹಾಗಿತ್ತು.

ಆಗ ನನಗೆ ಅಳು ಬಂತು. ಯಾಕೆಂದು ನಾನೇ ಹೇಳಿದೆ. ಆವರೆಗೆ ಯಾರಿಗೂ ಹೇಳಿರಲಿಲ್ಲ. ನನ್ನ ಉಮ್ಮನ ಉಮ್ಮನಿಗೆ, ತಾಯಿಯ ಕಡೆಯ ಅಜ್ಜಿಗೆ, ಬೆಳ್ಳಿಯ ಸೊಂಟಪಟ್ಟಿ ಇತ್ತು. ಚಿಕ್ಕಂದಿನಲ್ಲಿ ಅವರ ಮಗ್ಗುಲಲ್ಲಿ ಮಲಗಿ ಎದ್ದರೆ ನನ್ನ ಕೆನ್ನೆಯ ಮೇಲೆ ಅದರ ಗುರುತು ಮೂಡಿರುತ್ತಿತ್ತು. ಅಜ್ಜಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. “ಇಟ್ಕೋ. ನಾನು ಎದ್ದ ಮೇಲೆ ಕೊಡು” ಎಂದರು. ಅದೇ ತಿಂಗಳು ಗಂಡನಿಗೆ ದುಬೈ ವೀಸಾ ಬಂತು, ಏಜೆಂಟನಿಗೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಅಜ್ಜಿ ಹೇಗೂ ಏಳುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅಂಗಡಿಗೆ ಕೊಂಡುಹೋದವಳು ನಾನೇ. ನನ್ನ ಕಣ್ಣ ಮುಂದೆಯೇ ಕರಗಿಸಿದರು.

ಅಜ್ಜಿ ಎದ್ದರು. ಮೂರು ವರ್ಷ ಗಟ್ಟಿಯಾಗಿ ಓಡಾಡಿದರು. ನಾನು ಇಲ್ಲಿಂದ ಫೋನು ಮಾಡಿದಾಗಲೆಲ್ಲ ಕೊನೆಗೆ ಒಂದು ಮಾತು. “ನನ್ನ ಪಟ್ಟಿ ಎಲ್ಲುಂಟು ಮಗಾ?”

“ಬ್ಯಾಂಕಿನ ಲಾಕರಲ್ಲಿ ಉಂಟು ಅಜ್ಜಿ. ಜೋಪಾನ ಉಂಟು.”

“ಹಾಂ. ಅಲ್ಲೇ ಇರ್ಲಿ” ಎನ್ನುತ್ತಿದ್ದರು. ನಂಬಿದ್ದರೋ, ನನ್ನ ಮುಖ ಉಳಿಸಲು ನಂಬಿದಂತೆ ಮಾಡಿದರೋ, ಇವತ್ತಿಗೂ ನನಗೆ ತಿಳಿಯದು.

ನನ್ನ ಹರಕು ಅರಬಿಯಲ್ಲಿ ಇದೆಲ್ಲ ಎಷ್ಟು ಹೇಳಲು ಸಾಧ್ಯವಾಯಿತೋ ಅಷ್ಟು ಹೇಳಿದೆ. ಲಾಕರಿಗೆ ಪದ ಸಿಗದೆ ಮೇಲೆ ಬೆರಳು ತೋರಿಸಿ “ಆ ಗಾಜಿನ ಕಪಾಟಿನ ಹಾಗೆ” ಎಂದೆ. ಅವಳು ಪಟ್ಟಿಯನ್ನು ಬಿಚ್ಚಿ ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿಕೊಂಡಳು. “ಖಲಾಸ್, ಉಖ್ತಿ” ಎಂದು ನನ್ನ ಕಣ್ಣೊರೆಸಿದಳು. ಹೊರಗೆ ಗುತ್ತಿಗೆಯವರ ಬಸ್ಸು ಹಾರ್ನು ಹಾಕುತ್ತಿತ್ತು, ಹೋದಳು.

ಈಗ ಕಪಾಟಿನ ವಿಷಯ. ವಾರದ ರಜೆ ಮುಗಿದು ಆಫೀಸು ತೆರೆಯುವ ಭಾನುವಾರವೇ ಸಿಕ್ಕಿಬೀಳುತ್ತೇನೆಂದು ಹೆದರಿದ್ದೆ. ಗಂಡನಿಗೂ ಹೇಳಿ, ಕೆಲಸ ಹೋದರೆ ಏನು ಮಾಡುವುದೆಂದು ಇಬ್ಬರೂ ತಲೆ ಕೆಡಿಸಿಕೊಂಡಿದ್ದೆವು. ಹೆದರಿದ್ದು ದಂಡವಾಯಿತು. ‘ಆಫ್ರಿಕದ ಬುಡಕಟ್ಟಿನ ನೆಕ್ಲೇಸ್’ ಎಂಬ ಲೇಬಲ್ಲಿನ ಮೇಲೆ ಸೊಂಡಿಲೆತ್ತಿ ನಿಂತ ಆನೆಯನ್ನು ದಿನಾ ನೂರು ಜನ ನೋಡಿದರು. ಅಬುಧಾಬಿಯ ದೊಡ್ಡವರು ಮತ್ತೆ ಬಂದು ಅದರ ಪಕ್ಕವೇ ನಿಂತು ಮಾತಾಡಿದರು. ಹ್ಯಾಪಿನೆಸ್ ಆಫೀಸರ್ ಅತಿಥಿಗಳಿಗೆ ಕೈ ತೋರಿಸಿ “ಇದು ನಮ್ಮ ಆಫ್ರಿಕ” ಎಂದಳು. ಒಬ್ಬರಾದರೂ ಕತ್ತು ಬಗ್ಗಿಸಿ ನೋಡಲಿಲ್ಲ. ಆನೆ ಆಫ್ರಿಕದಲ್ಲೂ ಇರುವುದರಿಂದ ನಡೆಯಿತೋ ಏನೋ.

ಮೂರು ವಾರದ ಮೇಲೆ ಊಟದ ಹೊತ್ತಿಗೆ ಫೋನು ಬಂತು. ವಿಡಿಯೋ. ನಾನು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಕಡೆ ಬಿಸಿಲು, ಕೋಳಿಗಳ ಸದ್ದು, ಒಂದು ಮರದ ಬುಡ. ಕುರ್ಚಿಯಲ್ಲಿ ಮುದುಕಿಯೊಬ್ಬರು, ಮಡಿಲಲ್ಲಿ ಪಟ್ಟಿ. ಬಂದ ದಿನದಿಂದ ಅದನ್ನು ಕೆಳಗೆ ಇಟ್ಟಿಲ್ಲವಂತೆ. ಉಂಗುರಗಳ ಮೇಲೆ ಅವರ ಬೆರಳು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಓಡುತ್ತಿತ್ತು.

ಪಟ್ಟಿಯ ಒಳಮೈಯಲ್ಲಿ ಬಿಳಿಯದೊಂದು ಕಂಡಿತು. 

“ಅಯ್ಯೋ, ಆ ಸ್ಟಿಕ್ಕರ್ ಕಿತ್ತುಬಿಡು!” ಎಂದೆ.

“ಅಮ್ಮ ಕೀಳಲು ಬಿಡುವುದಿಲ್ಲ” ಎಂದು ಉಖ್ತಿ ನಕ್ಕಳು. “ಇದೇನು ಎಂದು ಕೇಳಿದಳು. ದುಬೈಯ ಮುದ್ರೆ ಎಂದೆ. ಈಗ ಬಂದವರಿಗೆಲ್ಲ ಮುಟ್ಟಿಸಿ ತೋರಿಸುತ್ತಾಳೆ, ನೋಡಿ, ಅಷ್ಟು ದೂರ ಹೋಗಿ ತಿರುಗಿ ಬಂದದ್ದು ಎಂದು.”

ಮುದುಕಿ ಏನೋ ಕೇಳಿದರು. ಉಖ್ತಿ ಫೋನನ್ನು ಅವರ ಹತ್ತಿರ ಹಿಡಿದು ನನಗೆ ಅರಬಿಯಲ್ಲಿ ಹೇಳಿದಳು.

“ಇದನ್ನು ಬೀಗ ಹಾಕಿ ಕಾಪಾಡಿ ಕೊಟ್ಟವಳು ನೀನು ಎಂದು ಹೇಳಿದ್ದೇನೆ. ನಿಮ್ಮ ಕಡೆಯಲ್ಲೂ ಹೆಂಗಸರಿಗೆ ಇಂಥದ್ದು ಉಂಟಾ ಎಂದು ಕೇಳುತ್ತಾಳೆ. ನಿನ್ನ ಅಜ್ಜಿಯದು ಈಗ ಎಲ್ಲಿದೆ ಎಂದು.”

ಲಾಕರಿನಲ್ಲಿ, ಜೋಪಾನವಾಗಿ ಎಂಬುದು ನಾಲಿಗೆಯ ತುದಿಗೇ ಬಂತು. ಅಷ್ಟು ವರ್ಷ ಹೇಳಿ ರೂಢಿ. ಸ್ಟೋರ್ ರೂಮಿನಲ್ಲಿ ನನ್ನ ಸುತ್ತ ನಾನೇ ನಂಬರು ಹಾಕಿದ ಕುರ್ಚಿಗಳು, ಪಂಖಗಳು ಇದ್ದವು. ಮುದುಕಿ ಕಾಣದ ಕಣ್ಣುಗಳನ್ನು ಫೋನಿನ ಕಡೆಗೆ ತಿರುಗಿಸಿ ಕಾಯುತ್ತಿದ್ದರು.

“ಮಾಫಿ” ಎಂದೆ. “ಇಲ್ಲ, ಅಮ್ಮಾ. ನಾನೇ ಮಾರಿಬಿಟ್ಟೆ.”

ನನ್ನ ಅಜ್ಜಿ ಮೂರು ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟದ್ದು ಆವತ್ತು, ಬೇರೆ ಯಾರದೋ ತಾಯಿಗೆ.